ಎಷ್ಟು ಗೇಣು, ಎಷ್ಟು ಮಾರು

ಹಳಗನ್ನಡ ಛಂದಸ್ಸಿನ ವಿಚಾರದಲ್ಲಿ ಜನ ನನ್ನ ಸಲಹೆ ಕೇಳುವುದುಂಟು. ಹೆಚ್ಚಾಗಿ ಪರೀಕ್ಷೆಯ ಹಿಂದಿನ ದಿನ. ಮದುವೆಯ ಕರೆಯೋಲೆ ಅಚ್ಚಿಗೆ ಹೋಗುವ ಮೊದಲು ಒತ್ತಕ್ಷರ ನೋಡಿಕೊಡಿ ಎಂದು ಬರುವ ನೆರೆಯವರೂ ಇದ್ದಾರೆ. ಇದಕ್ಕಿಂತ ಹೆಚ್ಚಿನ ಲೋಕವ್ಯವಹಾರದಲ್ಲಿ ನನ್ನ ಅಭಿಪ್ರಾಯಕ್ಕೆ ಬೆಲೆಯುಂಟೆಂದು ನಾನು ತಿಳಿದವನಲ್ಲ. ಮನೆಯಲ್ಲಂತೂ ಯಾರೂ ಹಾಗೆ ತಿಳಿದಿಲ್ಲ. ಹೀಗಿರುವಾಗ ಕಳೆದ ಆಷಾಢದ ಒಂದು ಸಂಜೆ ನನ್ನ ತಮ್ಮನ ಮಗ ಬೆಂಗಳೂರಿನಿಂದ ಫೋನು ಮಾಡಿ, "ದೊಡ್ಡಪ್ಪಾ, 9 ಮೀಟರಿನ ಪಟ ತಗೊಳ್ಳಲೋ, 12ರದೋ? ದಾರ 15 ಮೀಟರು ಸಾಕೋ, 24 ಬೇಕೋ?" ಎಂದು ಕೇಳಿದಾಗ, ತಪ್ಪು ನಂಬರಿಗೆ ಹಚ್ಚಿದ್ದಾನೆಂದೇ ಭಾವಿಸಿದೆ.

ಅವನು ಕೇಳಿದ್ದು ಕಾಗದದ ಪಟವಲ್ಲ. ಬಟ್ಟೆಯ ಪಟ. 9 ಚದರ ಮೀಟರೆಂದರೆ ನಮ್ಮ ಮನೆಯ ಲೆಕ್ಕದಲ್ಲಿ ಸುಮಾರು ಒಂದೂವರೆ ಸೀರೆ. 12 ಎಂದರೆ ಹೆಚ್ಚುಕಡಮೆ ಎರಡು. ಆ ಒಂದೂವರೆ ಸೀರೆಯನ್ನು ಗಾಳಿಗೆ ಒಡ್ಡಿ, ಅದರ ದಾರಗಳನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು, ಕಾಲಡಿಗೆ ಒಂದು ಹಲಗೆಯಿಟ್ಟುಕೊಂಡು ಸಮುದ್ರದ ಮೇಲೆ ಓಡುವ ಆಟವಂತೆ. ಹಲಗೆಯ ಕೆಳಗೆ ಸುಮಾರು ಒಂದು ಮೀಟರಿನ ಕಂಬ. ಕಂಬದ ತುದಿಗೆ, ನೀರಿನೊಳಗೆ, ಪುಟ್ಟ ವಿಮಾನದಂಥ ರೆಕ್ಕೆ. ಹೈಡ್ರೋಫಾಯಿಲ್ ಎಂದು ಅದರ ಹೆಸರು. ವೇಗ ಬಂದೊಡನೆ ಈ ರೆಕ್ಕೆ ಹಲಗೆಯನ್ನೂ ಮನುಷ್ಯನನ್ನೂ ನೀರಿನಿಂದ ಮೇಲೆತ್ತಿಬಿಡುತ್ತದೆ. ನೋಡುವವನಿಗೆ, ಯಾವನೋ ಸಿದ್ಧಪುರುಷ ನೀರಿಗೆ ಕಾಲು ತಾಕಿಸದೆ ಹೋಗುತ್ತಿದ್ದಾನೆ ಎನ್ನಿಸಬೇಕು. ಇದನ್ನು ಹುಡುಗಾಟವೆಂದು ತಳ್ಳಿಹಾಕುವ ಹಾಗೂ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಇದು ಮೊದಲ ಬಾರಿಗೆ ಸ್ಪರ್ಧೆಯಾಗಿ ಸೇರಿತು. ಮಾರ್ಸೇ ಪಟ್ಟಣದ ಕಡಲಿನಲ್ಲಿ ನಡೆದ ಪಂದ್ಯದಲ್ಲಿ ಆಸ್ಟ್ರಿಯದ ವ್ಯಾಲೆಂಟಿನ್ ಬೊಂಟುಸ್, ಬ್ರಿಟನ್ನಿನ ಎಲ್ಲಿ ಆಲ್ಡ್ರಿಜ್ ಚಿನ್ನ ಗೆದ್ದರು. ಗಾಳಿ ಸಾಲದೆ ಸ್ಪರ್ಧಾಳುಗಳು ಪಟ ಮಡಿಸಿಟ್ಟು ಕಾದು ಕುಳಿತದ್ದೂ ಅಲ್ಲಿ ಉಂಟು. ಒಲಿಂಪಿಕ್ಸಾದರೇನು, ಆಷಾಢವಾದರೇನು, ಗಾಳಿಯ ಮುಂದೆ ಎಲ್ಲರೂ ಕಾಯುವವರೇ.

ನಮ್ಮ ಹುಡುಗ ಕಲಿಯುತ್ತಿರುವುದು ರಾಮೇಶ್ವರದಲ್ಲಿ. ಹಿರಿಯರು ಪಾಪ ಕಳೆಯಲು ಹೋಗುತ್ತಿದ್ದ ಕ್ಷೇತ್ರಕ್ಕೆ ಇವನು ಸಂಬಳ ಕಳೆಯಲು ಹೋಗುತ್ತಿದ್ದಾನೆ. ಒಂದು ಪಟಕ್ಕೆ ಮಾತ್ರ ದುಡ್ಡಿದೆ; ಆದ್ದರಿಂದ ಯಾವುದೆಂದು ನಿಶ್ಚಯವಾಗಬೇಕು.

ಅವನ ಫೋನು ಇಟ್ಟು ಐದು ನಿಮಿಷವಾಗಿರಲಿಲ್ಲ, ದಾವಣಗೆರೆಯಿಂದ ತಮ್ಮನ ಫೋನು ಬಂತು. "ಅಣ್ಣಾ, ಅವ ನಿನ್ನ ಕೇಳ್ತಾನಂತೆ. ಬೇಡ ಅಂತ ಹೇಳಿಬಿಡು. ನಾ ಹೇಳಿದ್ರೆ ಕೇಳೋದಿಲ್ಲ, ನಿನ್ನ ಮಾತು ಕೇಳ್ತಾನೆ." ಆಗಲೆಂದೆ. ಮಗನಿಗೂ ವಿಚಾರಮಾಡಿ ಹೇಳುತ್ತೇನೆಂದು ಮಾತು ಕೊಟ್ಟಿದ್ದೆ. ಅಧ್ಯಾಪಕರಿಗೆ ಇಂಥ ಇಬ್ಬಂದಿ ಹೊಸದಲ್ಲ. ಆದರೆ ಈ ಸಲದ್ದು ಬರಿಯ ಇಬ್ಬಂದಿಯಾಗಿರಲಿಲ್ಲ. ಅದನ್ನು ಹೇಳಬೇಕಾದರೆ ನಮ್ಮ ತಂದೆಯವರಿಂದ ಹೊರಡಬೇಕು.

ತಂದೆಯವರು ವಿದ್ಯುತ್ ಮಂಡಳಿಯಲ್ಲಿ ಲೈನ್‌ಮನ್. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಹೀಗೆ ವರ್ಗವಾದಲ್ಲೆಲ್ಲ ನಮ್ಮ ಪಾತ್ರೆಗಳ ಜೊತೆಗೆ ಒಂದು ಬಿದಿರುಕಡ್ಡಿಯ ಕಟ್ಟೂ ಲಾರಿಯೇರುತ್ತಿತ್ತು. ಆಷಾಢ ಬಂತೆಂದರೆ ಅವರು ಪಟ ಕಟ್ಟುತ್ತಿದ್ದರು. ಕಟ್ಟುವ ಮೊದಲು ಮನೆಯ ಹೊರಗೆ ನಿಂತು ಕಂಬದ ತಂತಿಯ ಸದ್ದು ಕೇಳುವರು. ಗಾಳಿ ಹೆಚ್ಚಿದಂತೆ ತಂತಿಯ ಗುನುಗು ಸಣ್ಣದನಿಗೇರುತ್ತದೆ, ಇಳಿದಂತೆ ದಪ್ಪದನಿಗಿಳಿಯುತ್ತದೆ. ಸಂಗೀತ ಬಾರದ ನಮ್ಮ ತಂದೆಯವರಿಗೆ ಆ ಒಂದು ತಂತಿವಾದ್ಯ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು. ಕೇಳಿಯಾದ ಮೇಲೆ ತಂತಿ ಕಾಣದಷ್ಟು ದೂರ ನಮ್ಮನ್ನು ನಡೆಸಿಕೊಂಡು ಹೋಗಿ ಪಟ ಬಿಡಿಸುವರು. ತಂತಿಯ ಹತ್ತಿರ ಪಟ ಹಾರಿಸಿದ ಹುಡುಗ ಯಾರ ಮಗನೇ ಆಗಿರಲಿ, ಅವನಿಗೆ ಒದೆ ಖಂಡಿತ. ಒದ್ದೆ ದಾರದಲ್ಲಿ ಕರೆಂಟು ಇಳಿದುಬರುವುದನ್ನು ಅವರು ಕಂಡಿದ್ದರು.

ಇದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದರು: ಊರು, ಪಟ ಎಷ್ಟು ಗೇಣು, ದಾರ ಎಷ್ಟು ಮಾರು. ಹುಡುಗ ಚಿಕ್ಕವನಿದ್ದಾಗ ಈ ಪುಸ್ತಕದ ಕಥೆ ಹೇಳಿದವನು ನಾನು. ಸಲಹೆ ಕೇಳುವ ಯೋಗ್ಯತೆ ನನಗೆ ಬಂದದ್ದು ಹೀಗೆ.

ಪುಸ್ತಕ ಟ್ರಂಕಿನ ತಳದಲ್ಲಿ ಸಿಕ್ಕಿತು. ಮೊದಲ ಪುಟ ಚನ್ನಗಿರಿ: "3 ಗೇಣು, 60 ಮಾರು. ತೋಟ ದಾಟಿದ ಮೇಲೆ ಗಾಳಿ." ಓದಿದೊಡನೆ ಆ ಅಡಕೆತೋಟಗಳ ಅಂಚು ಕಣ್ಣಿಗೆ ಬಂತು. ಚನ್ನಗಿರಿಯಲ್ಲಿ ನೆಲದ ಮೇಲೆ ನಿಂತವನಿಗೆ ಗಾಳಿಯೇ ಇಲ್ಲವೆನ್ನಿಸುತ್ತದೆ. ಅಡಕೆಮರದ ತಲೆ ಮಾತ್ರ ತೂಗುತ್ತಿರುತ್ತದೆ. ಮರ, ಮನೆ, ಬೇಲಿ ಎಲ್ಲ ಸೇರಿ ನೆಲದ ಬಳಿಯ ಗಾಳಿಯನ್ನು ಹಿಡಿದು ನಿಧಾನ ಮಾಡುತ್ತವೆ. ಮೇಲೆ ಹೋದಂತೆ ಅದು ಬಿಡುಗಡೆ ಪಡೆಯುತ್ತದೆ. ಆದ್ದರಿಂದ ಅಲ್ಲಿ ಪಟ ದೊಡ್ಡದಿರಬೇಕು, ಇಲ್ಲವಾದರೆ ತೋಟದ ಎತ್ತರವನ್ನೇ ದಾಟಲಾರದು. ದಾರವೂ ಉದ್ದ ಬೇಕು, ಇಲ್ಲವಾದರೆ ದಾಟಿಯೂ ಫಲವಿಲ್ಲ. ಹಾಗೆಂದು ದಾರವನ್ನು ಬಿಡುತ್ತಲೇ ಹೋಗುವಂತಿಲ್ಲ. ದಾರಕ್ಕೂ ತೂಕವಿದೆ, ದಾರವನ್ನೂ ಗಾಳಿ ತಳ್ಳುತ್ತದೆ. ಒಂದು ಹದ ಮೀರಿತೆಂದರೆ ದಾರ ಹೊಟ್ಟೆಬಿಟ್ಟುಕೊಂಡು ಜೋಲುತ್ತದೆ, ಪಟ ಮೇಲೇರುವ ಬದಲು ದೂರ ಸರಿಯುತ್ತದೆ. ಕೈಯಲ್ಲಿ ಎಳೆದರೆ ಪಟಕ್ಕೆ ಸುದ್ದಿ ಮುಟ್ಟುವುದು ಸಾವಕಾಶವಾಗಿ. 60 ಮಾರು ಎಂಬ ಆ ಅಂಕೆಯ ಹಿಂದೆ ಎಷ್ಟು ಸಂಜೆಗಳು, ಎಷ್ಟು ಹರಿದ ಪಟಗಳು ಇದ್ದವೋ!

ಅದೇ ಪುಟದ ಅಂಚಿನಲ್ಲಿ ಸಣ್ಣದಾಗಿ, "ಸೂಳೆಕೆರೆ ಏರಿ: 2 ಗೇಣು" ಎಂದಿದೆ. ಒಂದೇ ತಾಲ್ಲೂಕು, ಎರಡು ಲೆಕ್ಕ. ಶಾಂತಿಸಾಗರವೆಂದೂ ಕರೆಯುವ ಆ ಕೆರೆಯ ಏರಿ ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿದೆ. ಸಂದಿಗೆ ನುಗ್ಗಿದ ಗಾಳಿ ಅಲ್ಲಿ ಇಕ್ಕಟ್ಟಾಗಿ ವೇಗ ಹಿಡಿಯುತ್ತದೆ. ಒಮ್ಮೆ ಮೂರು ಗೇಣಿನ ಪಟವನ್ನು ಅಲ್ಲಿ ಬಿಚ್ಚಿದಾಗ ಅದು ನಮ್ಮ ಕೈಯಲ್ಲೇ ಚೂರಾಗಿ, ಕಡ್ಡಿ ಮಾತ್ರ ಉಳಿಯಿತು. ತಂದೆಯವರು ನಕ್ಕು, ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡರು.

ಹೊನ್ನಾಳಿಯದು ಹೊಳೆಯ ಗಾಳಿ. ಆಷಾಢದಲ್ಲಿ ತುಂಗಭದ್ರೆ ಮಲೆನಾಡಿನ ಮಳೆಯನ್ನೆಲ್ಲ ಹೊತ್ತು ಕೆಂಪಾಗಿ ಹರಿಯುವಾಗ, ನೀರಿನ ಮೇಲೆ ಬೀಸಿ ಬರುವ ಗಾಳಿಗೆ ತಡೆಯಿಲ್ಲ. ದಂಡೆಯ ಮರಗಳ ಮರೆಯಲ್ಲಿ ನಿಂತರೆ ಮಾತ್ರ ಸುಳಿ. ಹತ್ತು ಹೆಜ್ಜೆ ಮುಂದೆ ನಿಂತವನ ಪಟ ಏರುತ್ತಿತ್ತು, ಹಿಂದೆ ನಿಂತವನದು ಗಿರಕಿ ಹೊಡೆದು ಬೀಳುತ್ತಿತ್ತು. ಆ ಊರಿನಿಂದ ನಾನು ಇನ್ನೊಂದು ವಸ್ತುವನ್ನು ಸಂಪಾದಿಸಿದೆ. ಮೀನು ಹಿಡಿಯುವವರೊಬ್ಬರು ಪ್ರೀತಿಯಿಂದ ಕೊಟ್ಟ ನೈಲಾನ್ ದಾರದ ಒಂದು ಉಂಡೆ. ಅದನ್ನು ತಂದೆಯವರಿಗೆ ತೋರಿಸಲಿಲ್ಲ.

ತೋರಿಸದ ಕಾರಣವಿತ್ತು. ಪಟಕ್ಕೆ ಹತ್ತಿಯ ನೂಲನ್ನಲ್ಲದೆ ಬೇರೇನನ್ನೂ ಅವರು ಮುಟ್ಟಿಸುತ್ತಿರಲಿಲ್ಲ. ಗಟ್ಟಿ ದಾರ ಹಾಕಬಾರದೇಕೆ ಎಂದು ಕೇಳಿದರೆ, ಅವರ ವೃತ್ತಿಯ ಭಾಷೆಯಲ್ಲೇ ಉತ್ತರ: "ನೂಲು ಅನ್ನೋದು ಫ್ಯೂಸು ಕಣೋ. ಜಾಸ್ತಿ ಆದಾಗ ಅದು ಸುಡಬೇಕು, ಮನೆ ಅಲ್ಲ." ಮನೆಮನೆಯ ಫ್ಯೂಸಿಗೆ ದಪ್ಪ ತಂತಿ ಸುತ್ತಿ ಇಟ್ಟಿರುವುದನ್ನು ಕಂಡು ದಿನಕ್ಕೆ ಹತ್ತು ಸಲ ಸಿಡಿಮಿಡಿಗೊಳ್ಳುತ್ತಿದ್ದ ಮನುಷ್ಯ.

ನ್ಯಾಮತಿಯಲ್ಲಿ ನಾವಿದ್ದದ್ದು ಎಂಟೇ ತಿಂಗಳು. ಆಗ ಅದು ಹೊನ್ನಾಳಿ ತಾಲ್ಲೂಕಿನ ಒಂದು ಊರು. ಸ್ವತಂತ್ರ ತಾಲ್ಲೂಕಿನ ಪದವಿ ಬಂದದ್ದು ತೀರ ಈಚೆಗೆ. ಆ ಪುಟದಲ್ಲಿ ಒಂದೇ ಮಾತಿದೆ: "ನ್ಯಾಮತಿ. ಜಡಿಮಳೆ."

ಇನ್ನು ಜಗಳೂರು. ಆಗ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದರೊಳಗೆ ಬಂತು. ಜಿಲ್ಲೆ ಬದಲಾಯಿತೇ ಹೊರತು ಗಾಳಿ ಬದಲಾಗಲಿಲ್ಲ. ಅಡಕೆಯ ನೆರಳಿನಿಂದ ಬಂದ ನಮಗೆ ಅಲ್ಲಿನ ಬಯಲು ಕಂಡು ಎದೆ ಝಲ್ಲೆಂದಿತ್ತು. ಆಷಾಢದಲ್ಲಿ ಮೋಡ ಬರುತ್ತದೆ, ಗಾಳಿ ಬರುತ್ತದೆ. ಮಳೆಗೆ ಮಾತ್ರ ಬೇರೆ ಊರಿಗೆ ವರ್ಗವಾಗಿರುತ್ತದೆ. ತಡೆಯುವ ಮರವಿಲ್ಲದ್ದರಿಂದ ಮೊಣಕಾಲಿನ ಎತ್ತರದಲ್ಲೇ ಗಾಳಿ ಪೂರ್ಣವಯಸ್ಕನಾಗಿರುತ್ತದೆ. ಅಲ್ಲಿನ ಹುಡುಗರ ಪಟಗಳು ಎರಡೇ ಗೇಣು, ದಾರ ಹತ್ತು ಹದಿನೈದು ಮಾರು. ಚನ್ನಗಿರಿಯ ದೊಡ್ಡ ಪಟಗಳನ್ನು ಕಂಡಿದ್ದ ನನಗೆ ಅವು ಕೈಲಾಗದವರ ಪಟಗಳಾಗಿ ಕಂಡವು. ಹಾಗೆಂದು ಬಾಯಿಬಿಟ್ಟು ಹೇಳಿಯೂ ಹೇಳಿದೆ. "ಹಂಗಾರೆ ನೀನು ಬಿಟ್ಟು ತೋರ್ಸು" ಎಂದರು.

1988ರ ಆಷಾಢ. ನನಗೆ ಹನ್ನೆರಡು, ತಮ್ಮನಿಗೆ ಒಂಬತ್ತು. ಪುಸ್ತಕಕ್ಕೆ ಹಾಕುವ ಖಾಕಿ ಕಾಗದ ಅಂಟಿಸಿ ನಾಲ್ಕು ಗೇಣಿನ ಪಟ ಕಟ್ಟಿದೆ. ಎರಡರ ಬದಲು ನಾಲ್ಕು ಗೇಣು. ಆದ್ದರಿಂದ ಎಳೆತ ಎರಡರಷ್ಟು ಎಂಬುದು ನನ್ನ ಗಣಿತ. ಮೊದಲ ಸಲ ನೂಲಿಗೆ ಕಟ್ಟಿ ಬಿಟ್ಟೆ. ಇಪ್ಪತ್ತು ಮಾರಿಗೆ ನೂಲು ಪಟ್ಟೆಂದು ಹರಿದು ಪಟ ಎತ್ತಲೋ ಹೋಯಿತು. ಹುಡುಗರು ನಕ್ಕರು. ಫ್ಯೂಸು ತನ್ನ ಕೆಲಸ ಮಾಡಿತ್ತು, ನನಗೆ ತಿಳಿಯಲಿಲ್ಲ. ಮಾರನೆಯ ದಿನ ಇನ್ನೊಂದು ಪಟ ಕಟ್ಟಿ, ಹೊನ್ನಾಳಿಯ ನೈಲಾನ್ ಉಂಡೆಯನ್ನು ತೆಗೆದೆ.

ಪಟ ಏರಿತು. ಏರಿತೆಂದರೆ, ನನ್ನ ಬದುಕಿನಲ್ಲಿ ನಾನು ಕಟ್ಟಿದ ಮತ್ತೇನೂ ಅಷ್ಟು ಚೆನ್ನಾಗಿ ಏರಿಲ್ಲ. ನಕ್ಕ ಹುಡುಗರನ್ನು ಕರೆದು ತೋರಿಸದೆ ಇರಲಾಗಲಿಲ್ಲ. ತಮ್ಮನನ್ನು ಕರೆದು, "ಹಿಡ್ಕೋ, ಜಾರೀತು, ಬೆರಳಿಗೆ ಎರಡು ಸುತ್ತು ಹಾಕ್ಕೋ" ಎಂದು ಹೇಳಿ, ನಾನೇ ಆ ಎರಡು ಸುತ್ತು ಹಾಕಿ ಓಡಿದೆ. ಹಿಂದಿನಿಂದ ಬಂದ ಕೂಗಿಗೆ ತಿರುಗಿ ನೋಡಿದರೆ ಹುಡುಗ ಮುಂದಕ್ಕೆ ಮುಗ್ಗರಿಸುತ್ತಿದ್ದ. ದಾರ ಹರಿಯಲಿಲ್ಲ. ಬಲಗೈ ತೋರುಬೆರಳನ್ನು ಮೂಳೆಯವರೆಗೆ ಕೊಯ್ದುಕೊಂಡು ಜಾರಿಹೋಯಿತು.

ಈಗ ಲೆಕ್ಕ ಹಾಕಬಲ್ಲೆ. ಪಟದ ಬದಿ ಎರಡರಷ್ಟಾದರೆ ಹರವು ನಾಲ್ಕರಷ್ಟಾಗುತ್ತದೆ, ಎಳೆತವೂ ನಾಲ್ಕರಷ್ಟು. ಗಾಳಿಯ ವೇಗ ಎರಡರಷ್ಟಾದರೆ ಅದರಿಂದ ಮತ್ತೆ ನಾಲ್ಕರಷ್ಟು. ಒಂದು ಹದವಾದ ಗಾಳಿಗೆ ಹಾರುವ ಎರಡು ಗೇಣಿನ ಪಟಕ್ಕೆ ಹೋಲಿಸಿದರೆ, ಅದರ ಎರಡರಷ್ಟು ವೇಗದ ಗಾಳಿಯಲ್ಲಿ ನಾಲ್ಕು ಗೇಣಿನದು ಎಳೆಯುವುದು ಹದಿನಾರರಷ್ಟು. ಅದರ ಮೇಲೆ, ದಾರವನ್ನು ಜಗಳೂರಿನವರಿಗಿಂತ ಉದ್ದ ಬಿಟ್ಟು ಇನ್ನೂ ಬಿರುಸಾದ ಗಾಳಿಗೆ ಪಟವನ್ನು ಮುಟ್ಟಿಸಿದ್ದೆ. ಇದನ್ನೆಲ್ಲ ಒಂಬತ್ತು ವರ್ಷದ ಮಗುವಿನ ಒಂದು ಬೆರಳಿಗೆ ಸುತ್ತಿದ್ದೆ.

ತಂದೆಯವರು ಬರುವಷ್ಟರಲ್ಲಿ ಉಳಿದ ನೈಲಾನನ್ನು ಹಾಳುಬಾವಿಗೆ ಎಸೆದು, ಅಲ್ಲಿ ನೂಲಿನ ಉಂಡೆ ಇಟ್ಟಿದ್ದೆ. "ಯಾವ ದಾರ?" ಎಂದು ಒಂದೇ ಮಾತು ಕೇಳಿದರು. "ನೂಲು" ಎಂದೆ. ಅವರು ಬೆರಳನ್ನು ನೋಡಿದರು, ನನ್ನನ್ನು ನೋಡಿದರು. ಮಗುವನ್ನು ಎತ್ತಿಕೊಂಡು ದಾವಣಗೆರೆಯ ಬಸ್ಸು ಹತ್ತಿದರು. ಗಾಯ ಮಾಯಿತು, ಬೆರಳು ಮಾತ್ರ ಇಂದಿಗೂ ಪೂರ್ತಿ ಮಡಿಸುವುದಿಲ್ಲ. ತಮ್ಮ ನೋಟು ಎಣಿಸುವುದು ನಡುಬೆರಳಿನಿಂದ. ದಾವಣಗೆರೆಯಲ್ಲಿ ಅವನದು ಹಾರ್ಡ್‌ವೇರ್ ಅಂಗಡಿ. ದಿನವೆಲ್ಲ ಎಣಿಸುವ ಕೆಲಸವೇ.

ಈ ತಮ್ಮನೇ ತನ್ನ ಮಗನಿಗೆ ಪಟ ಬೇಡವೆಂದು ಹೇಳಲು ನನ್ನನ್ನು ಕೇಳಿದ್ದು.

ಟ್ರಂಕಿನ ಮುಂದೆ ಕುಳಿತು ಜಗಳೂರಿನ ಪುಟ ತಿರುವಿದೆ. ತಂದೆಯವರ ಅದೇ ದುಂಡು ಅಕ್ಷರ: "2 ಗೇಣು, 15 ಮಾರು." ಅದರ ಕೆಳಗೆ, ಬೇರೆ ಶಾಯಿಯಲ್ಲಿ, "ನೂಲು ಮಾತ್ರ." ಈ ಎರಡು ಶಬ್ದ ಬೇರಾವ ಊರಿನ ಪುಟದಲ್ಲೂ ಇಲ್ಲ. ಬರೆಯಬೇಕಾದ ಅಗತ್ಯವೂ ಇರಲಿಲ್ಲ. ನಮ್ಮ ಮನೆಯಲ್ಲಿ ಬೇರೆ ದಾರ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲವಲ್ಲ. ಅವರು ಹೋಗಿ ಹನ್ನೊಂದು ವರ್ಷವಾಯಿತು. ಆ ಮಾತು ಒಮ್ಮೆಯೂ ಎತ್ತಿದವರಲ್ಲ.

ಹುಡುಗನ ಪ್ರಶ್ನೆಗೆ ಉತ್ತರ ಮಾತ್ರ ಆ ಪುಸ್ತಕದಲ್ಲೇ ಇತ್ತು. ಎರಡು ದಿನ ಅವನನ್ನೇ ಕೇಳಿ ಕೇಳಿ ಅವನ ಆಟದ ವ್ಯಾಕರಣವನ್ನು ತಿಳಿದುಕೊಂಡೆ. ಬರಿಯ ಹಲಗೆ ನೀರನ್ನು ಉಜ್ಜಿಕೊಂಡು ಹೋಗುತ್ತದೆ. ಅದನ್ನೆಳೆಯಲು ದೊಡ್ಡ ಪಟ ಬೇಕು. ಹೈಡ್ರೋಫಾಯಿಲ್ ಒಮ್ಮೆ ಎದ್ದಿತೆಂದರೆ ನೀರಿನ ತಡೆ ಬಹಳ ಕಡಮೆ. ಸಣ್ಣ ಪಟ ಸಾಕು. ಓಡುವವನಿಗೆ ಗಾಳಿ ತಾನೇ ಎದುರಾಗಿ ಬಂದು ಸೇರುವುದು ಬೇರೆ. ಸೈಕಲ್ ತುಳಿದವರಿಗೆ ಇದು ಗೊತ್ತು. ಇನ್ನು ದಾರ. ಉದ್ದ ದಾರದ ಪಟ ಆಕಾಶದಲ್ಲಿ ದೊಡ್ಡ ಕಮಾನು ಬೀಸಿ ಹೆಚ್ಚು ಹೊತ್ತು ಎಳೆಯುತ್ತದೆ, ಮೇಲಿನ ಗಾಳಿಯನ್ನೂ ಮುಟ್ಟುತ್ತದೆ. ಮಂದ ಗಾಳಿಗೆ ಒಳ್ಳೆಯದು. ಗಿಡ್ಡ ದಾರದ್ದು ಕೈಯ ಮಾತನ್ನು ಕೂಡಲೇ ಕೇಳುತ್ತದೆ, ಎಳೆತ ಸಣ್ಣದು. ಗಾಳಿ ಸತ್ತಾಗ ಮಾತ್ರ ಸಾವರಿಸಿಕೊಳ್ಳಲು ಅದಕ್ಕೆ ಎಡೆ ಸಾಲದು. ಹೀಗೆ ಎಷ್ಟು ಗೇಣು, ಎಷ್ಟು ಮಾರು ಎಂಬುವು ಎರಡು ಪ್ರಶ್ನೆಗಳಲ್ಲ. ದಾರ ಪಟವನ್ನು ಯಾವ ಗಾಳಿಗೆ ಒಯ್ಯುತ್ತದೆ ಎಂಬುದನ್ನು ತಿಳಿಯದೆ ಪಟದ ಅಳತೆ ಹೇಳುವಂತಿಲ್ಲ.

"ನೀನು ನಿಲ್ಲೋ ಜಾಗ ಚನ್ನಗಿರಿಯೋ ಜಗಳೂರೋ, ಅದನ್ನ ಮೊದಲು ನೋಡು" ಎಂದೆ. ಪಾಪ, ಅವನು ಎರಡನ್ನೂ ಸರಿಯಾಗಿ ಕಂಡವನಲ್ಲ, ಬಿಡಿಸಿ ಹೇಳಬೇಕಾಯಿತು. ಸಮುದ್ರದ ಮೇಲೆ ಅಡಕೆತೋಟವಿಲ್ಲ. ಅಲೆಯ ಮೇಲೇ ಗಾಳಿ ಹೆಚ್ಚುಕಡಮೆ ಪೂರ್ತಿಯಾಗಿ ಸಿಗುತ್ತದೆ. ಅದನ್ನು ಹುಡುಕಿಕೊಂಡು 24 ಮೀಟರು, ಎಂದರೆ 13 ಮಾರು, ಮೇಲೆ ಹೋಗಿ ಗಳಿಸುವುದು ಕಡಮೆ. 15 ಮೀಟರೆಂದರೆ ಸುಮಾರು 8 ಮಾರು; ಕಲಿಯುವವನಿಗೆ ಅದು ಸಾಕು. ಇವನ ತೂಕ 62 ಕಿಲೋ. ಗಾಳಿಯ ವೇಗ ಗಂಟೆಗೆ 22 ಕಿಲೋಮೀಟರಿನಿಂದ 31ಕ್ಕೆ ಏರಿದರೆ ಎಳೆತ ಎರಡರಷ್ಟಾಗುತ್ತದೆ. 12ರ ಪಟ ಹಿಡಿದವನಿಗೆ ಆಗ ಅದನ್ನು ಬದಲಾಯಿಸಲು ದಡ ದೂರ. 9 ತಗೋ ಎಂದೆ. ಗಾಳಿ ಸಾಲದ ದಿನ ದಡದಲ್ಲಿ ಕೂತು ಕಾಯಿ, ಮಾರ್ಸೇಯಲ್ಲಿ ಕಾದ ಹಾಗೆ. ಅಲ್ಲಿ ಕಲಿಸುವವರೂ ಇದನ್ನೇ ಹೇಳಿದ್ದರೆಂದು ಆಮೇಲೆ ಗೊತ್ತಾಯಿತು. ಉತ್ತರ ಗೊತ್ತಿದ್ದೂ ಮೇಷ್ಟರನ್ನು ಪರೀಕ್ಷಿಸುವ ವಿದ್ಯಾರ್ಥಿಗಳನ್ನು ನಾನು ಬಹಳ ಕಂಡಿದ್ದೇನೆ.

ಆದರೆ ಬೇಡವೆಂದು ಹೇಳುತ್ತೇನೆಂದು ತಮ್ಮನಿಗೆ ಕೊಟ್ಟ ಮಾತು ಹಾಗೇ ಉಳಿದಿತ್ತು. ಭಾನುವಾರ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ದಾವಣಗೆರೆಗೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳು ಕಡಮೆ. ವಿಷಯ ಹೇಳಿದೆ. ಅವನು ಸಿಟ್ಟಾಗಲಿಲ್ಲ. ಮಗನಿಗೆ ಫೋನು ಹಚ್ಚಿ ಕೇಳಿದ್ದು ಒಂದೇ ಪ್ರಶ್ನೆ:

"ಅದಕ್ಕೆ ಫ್ಯೂಸು ಐತೇನೋ?"

ಹುಡುಗನಿಗೆ ಅರ್ಥವಾಗಲಿಲ್ಲ. "ಜೋರು ಗಾಳಿ ಬಂದು ಎಳಕೊಂಡು ಹೊಂಟಾಗ ದಾರ ಹರೀತೈತೋ ಇಲ್ಲೋ?"

"ಹರಿಯೋದಿಲ್ಲ ಅಪ್ಪಾ. ಆದ್ರೆ ಎದೆ ಹತ್ರ ಒಂದು ಕೊಂಡಿ ಇದೆ. ತಳ್ಳಿದ ತಕ್ಷಣ ಕಳಚುತ್ತೆ. ಪಟ ಒಂದೇ ದಾರದ ಮೇಲೆ ಸೋತು ನೀರಿಗೆ ಬೀಳುತ್ತೆ. ಅದೂ ಬೇಡ ಅಂದ್ರೆ ಅದನ್ನೂ ಕಳಚಬಹುದು."

"ಬೆರಳಿಗೆ ಸುತ್ತೋದಿಲ್ಲ?"

"ಇಲ್ಲಪ್ಪಾ. ದಾರ ಮುಟ್ಟಲೇಬಾರದು ಅಂತ ಮೊದಲ ದಿನಾನೇ ಹೇಳ್ತಾರೆ."

"ಆ ಕೊಂಡಿ ಕಳಚೋದನ್ನ ದಿನಾ ದಡದ ಮೇಲೆ ಮಾಡಿ ನೋಡ್ಕೊಂಡು ಆಮೇಲೆ ಇಳಿ" ಎಂದು ಫೋನು ಇಟ್ಟ.

ಆಗ ಪುಸ್ತಕ ತೆಗೆದು ಜಗಳೂರಿನ ಪುಟವನ್ನು ಅವನ ಮುಂದಿಟ್ಟೆ. ನೈಲಾನಿನ ಮಾತನ್ನು, ಬಾವಿಯ ಮಾತನ್ನು, 37 ವರ್ಷ ತಡವಾಗಿ ಹೇಳತೊಡಗಿದೆ. ಅವನು ಕನ್ನಡಕ ಏರಿಸಿಕೊಂಡು ಆ ಎರಡು ಶಬ್ದಗಳನ್ನೇ ನೋಡುತ್ತಿದ್ದ. ನಾನು ಮುಗಿಸುವ ಮೊದಲೇ ಹೇಳಿದ:

"ನಾನೇ ಹೇಳಿದ್ದೆ ಅಣ್ಣಾ. ಬಸ್ಸಿನಾಗೆ. ಅಣ್ಣನಿಗೆ ಬೈಯೋದಿಲ್ಲ ಅಂತ ಆಣೆ ಮಾಡಿಸ್ಕೊಂಡು ಹೇಳಿದ್ದೆ."

ಅಷ್ಟರಲ್ಲಿ ಬಾವಿಯ ಬಿಂದಿಗೆಗೆ ಹಗ್ಗ ಬೇಕೆಂದು ಒಬ್ಬ ರೈತ ಬಂದ. "ನೈಲಾನೋ, ತೆಂಗಿನ ನಾರಿಂದೋ?" ಎಂದು ಕೇಳಿ, ತಮ್ಮ ಎದ್ದುಹೋಗಿ, ಎರಡೂ ತೋಳು ಚಾಚಿ ಮಾರು ಹಾಕತೊಡಗಿದ.